ಹತ್ತಿರವೂ ಇರಬೇಕು, ದೂರವೂ ಇರಬೇಕು: ಮೈನ್ ಡೈವರ್‌ಗಳ ಹಡಗಿನ ಲೆಕ್ಕಾಚಾರ

ಮೈನ್ ಎಂದರೆ ಹಡಗುಗಳನ್ನು ಒಡೆಯಲು ಸಮುದ್ರದಲ್ಲಿಟ್ಟ ಸ್ಫೋಟಕ. ಅದನ್ನು ತೆರವು ಮಾಡಲು ಆಳದಲ್ಲಿ ಹೆಚ್ಚು ಹೊತ್ತು ಕೆಲಸ ಮಾಡಿದ ಡೈವರ್ ನೇರವಾಗಿ ಮೇಲೆ ಬರುವಂತಿಲ್ಲ. ಒತ್ತಡ ಬೇಗ ಇಳಿದರೆ ದೇಹದಲ್ಲಿ ಕರಗಿದ ಅನಿಲ ಗುಳ್ಳೆಯಾಗುತ್ತದೆ. ನೀರಿನಲ್ಲೇ ಹಂತಹಂತವಾಗಿ ನಿಂತು ಬರಬೇಕು. ಇಲ್ಲವೇ ಬೇಗ ಮೇಲೆ ಬಂದು, ಹಡಗಿನ ಒತ್ತಡದ ಕೋಣೆಯೊಳಗೆ (ಡಿಕಂಪ್ರೆಷನ್ ಚೇಂಬರ್) ಹೊಕ್ಕು, ಆಮ್ಲಜನಕ ಉಸಿರಾಡುತ್ತ ಉಳಿದ ಹಂತಗಳನ್ನು ಮುಗಿಸಬೇಕು. ಈ ಎರಡನೇ ವಿಧಾನಕ್ಕೆ ಅಮೆರಿಕ ನೌಕಾಪಡೆಯ ನಿಯಮ ಕೊಡುವ ಸಮಯ 5 ನಿಮಿಷ. 12 ಮೀಟರ್ ಆಳ ಬಿಟ್ಟ ಕ್ಷಣದಿಂದ, ಕೋಣೆಯೊಳಗೆ 15 ಮೀಟರ್ ಆಳಕ್ಕೆ ಸಮನಾದ ಒತ್ತಡ ಮುಟ್ಟುವವರೆಗೆ ಅಷ್ಟೇ. ಮೇಲೆ ಬರಲು 1 ನಿಮಿಷ, ಕೋಣೆಗೆ ಒತ್ತಡ ತುಂಬಲು ಅರ್ಧ ನಿಮಿಷ. ಉಳಿಯುವುದು ಮೂರೂವರೆ ನಿಮಿಷ.

ಈಗ ಇನ್ನೊಂದು ನಿಯಮ ನೋಡಿ. ಸಮುದ್ರದಲ್ಲಿ ಹಡಗುಗಳ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಾವಳಿಯ 27ನೇ ನಿಯಮದಂತೆ, ಮೈನ್ ತೆರವು ಮಾಡುತ್ತಿರುವ ಹಡಗು ಹಗಲಲ್ಲಿ ಮೂರು ಕಪ್ಪು ಗೋಳಗಳನ್ನೂ ರಾತ್ರಿ ಮೂರು ಹಸಿರು ದೀಪಗಳನ್ನೂ ತೋರಿಸುತ್ತದೆ. ಅದರ 1000 ಮೀಟರ್ ಒಳಗೆ ಬರುವುದು ಅಪಾಯ ಎಂಬುದು ಅದರ ಅರ್ಥ. ಆ ಎಚ್ಚರಿಕೆ ಬೇರೆ ಹಡಗುಗಳಿಗೆ. ಆದರೆ ಡೈವರ್‌ಗಳನ್ನು ಕಳಿಸಿದ ಹಡಗಿಗೂ ಮೈನ್‌ನಿಂದ ದೂರ ಬೇಕೇ ಬೇಕು. ಅದೂ 1000 ಮೀಟರ್ ಆಚೆ ನಿಂತಿತು ಎನ್ನೋಣ. 20 ನಾಟ್ ವೇಗದ ರಬ್ಬರ್ ದೋಣಿಗೆ ಆ ದೂರ ದಾಟಲು ಸುಮಾರು 97 ಸೆಕೆಂಡು ಬೇಕು. ಮೂರೂವರೆ ನಿಮಿಷದಲ್ಲಿ ಅದನ್ನು ಕಳೆದರೆ ಎರಡು ನಿಮಿಷವೂ ಉಳಿಯುವುದಿಲ್ಲ. ಅಷ್ಟರಲ್ಲಿ ಡೈವರ್‌ನನ್ನು ದೋಣಿಗೆ ಎಳೆದುಕೊಳ್ಳಬೇಕು, ಬೆನ್ನಿನ ಉಪಕರಣ ಕಳಚಬೇಕು, ಹಡಗಿನ ಮಗ್ಗುಲಿಗೆ ದೋಣಿ ಹಚ್ಚಬೇಕು, ಏಣಿ ಹತ್ತಿಸಿ ಕೋಣೆಯ ಬಾಗಿಲು ಮುಚ್ಚಬೇಕು. ಅಲೆ ಇಲ್ಲದ ದಿನವೂ ಇದು ಆಗದ ಮಾತು.

ಡೈವರ್‌ನ ದೇಹ ಹಡಗನ್ನು ಹತ್ತಿರಕ್ಕೆ ಕರೆಯುತ್ತದೆ, ಮೈನ್ ಅದನ್ನು ದೂರ ತಳ್ಳುತ್ತದೆ. ಹಳೆಯ ಯುದ್ಧನೌಕೆಯನ್ನೋ ವ್ಯಾಪಾರಿ ಹಡಗನ್ನೋ ಡೈವರ್‌ಗಳ ನೆಲೆಯಾಗಿ ಮಾರ್ಪಡಿಸುವಾಗ ಎದುರಾಗುವ ಪ್ರತಿ ತಾಂತ್ರಿಕ ಪ್ರಶ್ನೆಯ ಬೇರೂ ಈ ಜಗ್ಗಾಟದಲ್ಲೇ ಇದೆ. ಇತ್ತೀಚಿನ ಸುದ್ದಿಗಳಲ್ಲಿ ಇದು ಕಾಣುವುದು ಕಡಿಮೆ. "ಹಡಗಿಗೆ ಡಿಕಂಪ್ರೆಷನ್ ಚೇಂಬರ್ ಅಳವಡಿಸಲಾಗಿದೆ" ಎಂಬ ಒಂದು ಸಾಲಿಗೆ ವಿಷಯ ಮುಗಿಯುತ್ತದೆ.

ಈ ಪ್ರಶ್ನೆ ಈಗ ಏಕೆ ಎದ್ದಿದೆ?

ಮೈನ್ ಹುಡುಕಲೆಂದೇ ಮರದಲ್ಲಿ ಅಥವಾ ಫೈಬರ್‌ಗ್ಲಾಸ್‌ನಲ್ಲಿ ಕಟ್ಟಿದ ಹಡಗುಗಳು ಒಂದೊಂದಾಗಿ ನಿವೃತ್ತಿಯಾಗುತ್ತಿವೆ. ಬಹ್ರೇನ್‌ನಲ್ಲಿ ನೆಲೆಗೊಂಡಿದ್ದ ಅಮೆರಿಕದ ಅವೆಂಜರ್ ವರ್ಗದ ನಾಲ್ಕು ಹಡಗುಗಳು 2025ರಲ್ಲಿ ಸೇವೆಯಿಂದ ಹೊರಬಿದ್ದವು. ಅವುಗಳ ಒಡಲು ಮರದ್ದು, ಮೇಲೆ ಫೈಬರ್‌ಗ್ಲಾಸ್ ಹೊದಿಕೆ. ಅವುಗಳ ಜಾಗಕ್ಕೆ ಬಂದವು ಮೈನ್ ಇರುವ ನೀರಿಗೆ ತಾವೇ ಇಳಿಯದೆ, ಹೊರಗೆ ನಿಂತು ಮಾನವರಹಿತ ದೋಣಿಗಳನ್ನೂ ಹೆಲಿಕಾಪ್ಟರನ್ನೂ ಕಳಿಸುವ ಅಲ್ಯೂಮಿನಿಯಂ ಹಡಗುಗಳು. ತೈಲೋದ್ಯಮಕ್ಕಾಗಿ ಕಟ್ಟಿದ್ದ ಐಲ್ಯಾಂಡ್ ಕ್ರೌನ್ ಎಂಬ ಹಡಗನ್ನು ಬ್ರಿಟನ್ 2023ರಲ್ಲಿ 4 ಕೋಟಿ ಪೌಂಡ್ ಕೊಟ್ಟು ಕೊಂಡು, ಸ್ಟರ್ಲಿಂಗ್ ಕ್ಯಾಸಲ್ ಎಂದು ಹೆಸರಿಟ್ಟು, ಮೈನ್ ಹುಡುಕುವ ಡ್ರೋನ್‌ಗಳ ತಾಯಿಹಡಗಾಗಿಸಿತು. ಸಹಾಯಕ ನೌಕಾದಳದಲ್ಲಿ ಸಿಬ್ಬಂದಿ ಸಾಲದೆ ಅದು ಕೆಲಕಾಲ ಕಟ್ಟೆಯಲ್ಲೇ ನಿಂತಿತು. 2025ರಲ್ಲಿ ಮುಖ್ಯ ನೌಕಾಪಡೆಯ ಕೈಗೆ ಹೋಯಿತು. ಹಡಗು ಕೊಳ್ಳುವುದು ಸುಲಭ, ಅದರೊಳಗೆ ಜನ ತುಂಬುವುದು ಕಷ್ಟ. ಡೈವಿಂಗ್ ಹಡಗಿನಲ್ಲಿ ಈ ಕಷ್ಟ ಇನ್ನೂ ಹೆಚ್ಚು ಎಂಬುದನ್ನು ಮುಂದೆ ನೋಡೋಣ.

ಕಪ್ಪು ಸಮುದ್ರದಲ್ಲಿ 2022ರಿಂದ ತೇಲುವ ಮೈನ್‌ಗಳ ಕಾಟ. ಅದೇ ವರ್ಷದ ಮಾರ್ಚ್‌ನಲ್ಲಿ ಬಾಸ್ಫರಸ್ ಬಳಿ ಕಂಡ ಮೈನ್ ಒಂದನ್ನು ಟರ್ಕಿಯ ನೌಕಾ ಡೈವರ್‌ಗಳು ನಿಷ್ಕ್ರಿಯಗೊಳಿಸಿದರು. ಸೆಪ್ಟೆಂಬರ್ 8ರಂದು ರೊಮೇನಿಯಾದ ದಿಮಿತ್ರಿಯೆ ನಿಕೊಲೆಸ್ಕು ಎಂಬ ಮೈನ್ ತೆರವು ಹಡಗು ತೇಲುವ ಮೈನ್ ಒಂದನ್ನು ನಾಶಮಾಡಲು ಹೋದಾಗ, ಆ ಮೈನೇ ಬಂದು ಹಡಗಿನ ಹಿಂಬದಿಗೆ ಬಡಿಯಿತು. ಒಡಲು ತೂತಾಯಿತು, ಹಡಗಿನಲ್ಲಿದ್ದ 75 ಮಂದಿಯಲ್ಲಿ ಯಾರ ಪ್ರಾಣಕ್ಕೂ ಹಾನಿಯಾಗಲಿಲ್ಲ. 2024ರ ಜನವರಿಯಲ್ಲಿ ಟರ್ಕಿ, ರೊಮೇನಿಯಾ, ಬಲ್ಗೇರಿಯಾ ಸೇರಿ ಜಂಟಿ ಮೈನ್ ತೆರವು ಪಡೆಗೆ ಸಹಿ ಹಾಕಿದವು.

ಡ್ರೋನ್ ಇರುವಾಗ ಡೈವರ್ ಏಕೆ ಎಂಬ ಪ್ರಶ್ನೆ ಸಹಜ. ತೆರೆದ ನೀರಿನಲ್ಲಿ, ಸಮತಟ್ಟಾದ ತಳದಲ್ಲಿ ಡ್ರೋನ್‌ನ ಕೆಲಸವೇ ಮೇಲು. ಆದರೆ ಬಂದರಿನ ಧಕ್ಕೆಯ ಕಂಬಗಳ ನಡುವೆ, ಕೆಸರಲ್ಲಿ ಅರ್ಧ ಹೂತ ತಳ-ಮೈನ್ ಮುಂದೆ, ಕೈ ಚಾಚಿದರೆ ಬೆರಳು ಕಾಣದ ನೀರಿನಲ್ಲಿ ಕ್ಯಾಮೆರಾ ಕುರುಡಾಗುತ್ತದೆ, ಶಬ್ದದ ಪ್ರತಿಧ್ವನಿಯಿಂದ ವಸ್ತು ಗುರುತಿಸುವ ಸೋನಾರ್ ಕಂಬಕ್ಕೂ ಮೈನ್‌ಗೂ ವ್ಯತ್ಯಾಸ ಹೇಳದೆ ತಡವರಿಸುತ್ತದೆ. ಪಕ್ಕದಲ್ಲಿ ಪೈಪ್‌ಲೈನ್ ಇದ್ದರೆ ಸ್ಫೋಟಿಸುವ ಹಾಗಿಲ್ಲ, ಬಿಚ್ಚಬೇಕು. ಶತ್ರು ಹೊಸ ಮಾದರಿ ಇಟ್ಟಿದ್ದರೆ ಇಡಿಯಾಗಿ ಎತ್ತಿ ತಂದು ಒಳಗೆ ಏನಿದೆ ನೋಡಬೇಕು. ಇವೆಲ್ಲ ಇನ್ನೂ ಮನುಷ್ಯನ ಕೈಕೆಲಸ.

ಹಿಂದೆ ಏನು ಮಾಡಿದ್ದರು

ಪಶ್ಚಿಮ ಜರ್ಮನಿಯ ಶ್ಟೀರ್ ಒಳ್ಳೆಯ ಉದಾಹರಣೆ. ಶ್ಯೂಟ್ಸ ವರ್ಗದ ಮರದ ಒಡಲಿನ ವೇಗದ ಮೈನ್‌ಸ್ವೀಪರ್, ಅಂದರೆ ಹಿಂದೆ ಕೇಬಲ್ ಎಳೆದು ಮೈನ್ ತೆರವು ಮಾಡುವ ಹಡಗು ಅದು. ಸುಮಾರು 47 ಮೀಟರ್ ಉದ್ದ, 7 ಮೀಟರ್ ಅಗಲ, 300 ಟನ್ ಆಸುಪಾಸು. ಸ್ವೀಪಿಂಗ್ ಸಾಧನಗಳನ್ನು ಕಿತ್ತು, ಒತ್ತಡದ ಕೋಣೆ ಕೂರಿಸಿ, ಮೈನ್ ಡೈವರ್‌ಗಳ ದೋಣಿಯಾಗಿಸಿ 732 ಎಂಬ ಹೊಸ ವರ್ಗಸಂಖ್ಯೆ ಕೊಟ್ಟರು. ಅದರ ನಂತರ ಆ ಕೆಲಸಕ್ಕೆ ಬಂದದ್ದೂ ಮಾರ್ಪಡಿಸಿದ ಹಡಗೇ: ಪ್ರಯೋಗನೌಕೆಯಾಗಿದ್ದ ಮರದ ವಾಲ್ಟರ್ ಫಾನ್ ಲೇಡೆಬೂರ್, ಮ್ಯೂಲ್‌ಹೌಸನ್ ಎಂಬ ಹೊಸ ಹೆಸರಿನಲ್ಲಿ. ಎರಡರಲ್ಲೂ ಒಡಲು ಮರದ್ದೇ ಎಂಬುದನ್ನು ಗಮನಿಸಿ. ಮರಕ್ಕೆ ಕಾಂತೀಯ ಮೈನ್ ಎಚ್ಚರಾಗುವುದಿಲ್ಲ. ಹಡಗು ಹತ್ತಿರವೇ ನಿಲ್ಲುತ್ತದೆ ಎಂಬ ತೀರ್ಮಾನ ಅದರಲ್ಲಿದೆ.

ಅಮೆರಿಕ ಹಿಡಿದದ್ದು ಇನ್ನೊಂದು ದಾರಿ. 1971ರಲ್ಲಿ ಸೇವೆಗೆ ಬಂದ ಪಾನ್ಸೆ ಎಂಬ, ಸೈನಿಕರನ್ನು ದಡಕ್ಕಿಳಿಸುವ ಸಾರಿಗೆ ಹಡಗು 2012ರಲ್ಲಿ ನಿವೃತ್ತಿಯ ಹೊಸ್ತಿಲಲ್ಲಿತ್ತು. ಅದನ್ನು ಕೆಲವೇ ತಿಂಗಳಲ್ಲಿ ತಿದ್ದಿ ತೀಡಿ ಪರ್ಷಿಯನ್ ಕೊಲ್ಲಿಗೆ ಮೈನ್ ತೆರವಿನ ತೇಲುವ ನೆಲೆಯಾಗಿ ಕಳಿಸಿದರು. 2017ರವರೆಗೆ ಅಲ್ಲೇ ದುಡಿಯಿತು. ದೊಡ್ಡ ಉಕ್ಕಿನ ಹಡಗು, ಹೊಟ್ಟೆಯಲ್ಲಿ ನೀರು ತುಂಬಿಸಿ ದೋಣಿಗಳನ್ನು ತೇಲಿಬಿಡುವ ಕೊಟ್ಟಿಗೆ, ಮೇಲೆ ಹೆಲಿಕಾಪ್ಟರ್ ಡೆಕ್. ಜಾಗಕ್ಕೆ ಬರವಿಲ್ಲ, ಆದರೆ ಮೈನ್ ಹತ್ತಿರ ಹೋಗುವಂತಿಲ್ಲ. ಹೋದರೆ ಏನಾಗುತ್ತದೆ ಎಂಬುದಕ್ಕೆ 1991ರ ಫೆಬ್ರುವರಿ 18 ಸಾಕ್ಷಿ. ಅಂದು ಮೈನ್ ತೆರವಿನ ಹೆಲಿಕಾಪ್ಟರ್‌ಗಳಿಗೆ ನೆಲೆಯಾಗಿದ್ದ ಟ್ರಿಪೊಲಿ ಎಂಬ ಅಮೆರಿಕದ ಹಡಗೇ ಕುವೈತ್ ಬಳಿ ಮೈನ್‌ಗೆ ಬಡಿದು ಒಡಲು ಹರಿದುಕೊಂಡಿತು. ಕೆಲವೇ ಗಂಟೆಗಳಲ್ಲಿ ಪ್ರಿನ್ಸ್‌ಟನ್ ಎಂಬ ಕ್ರೂಸರ್ ಕೂಡ ತಳ-ಮೈನ್‌ಗೆ ಸಿಕ್ಕಿತು. ಬೆಂಬಲದ ಹಡಗು ಹಿಂದೆ ಇರುತ್ತದೆ, ಹಾಗಾಗಿ ಸುರಕ್ಷಿತ ಎಂದು ಯಾರಾದರೂ ಅಂದರೆ ಟ್ರಿಪೊಲಿಯ ಹೆಸರು ಹೇಳಿದರೆ ಸಾಕು.

ತೂಕ ಎಲ್ಲಿಂದ ತೆಗೆದು ಎಲ್ಲಿಡುವುದು

ಹಳೆಯ ಮೈನ್‌ಸ್ವೀಪರ್‌ನ ಹಿಂಬದಿ ಡೆಕ್ ಮೇಲೆ ದೊಡ್ಡ ವಿಂಚ್, ಕೇಬಲ್ ಸುತ್ತಿದ ಡ್ರಮ್, ತೇಲುಬುರುಡೆಗಳು ಇರುತ್ತವೆ. ಕೆಳಗೆ, ಕಾಂತಕ್ಷೇತ್ರ ಎಬ್ಬಿಸಿ ಮೈನ್ ಸಿಡಿಸುವ ಕಾಂತೀಯ ಸ್ವೀಪ್‌ಗೆ ವಿದ್ಯುತ್ ಕೊಡುವ ಪ್ರತ್ಯೇಕ ಜನರೇಟರ್. ಇವನ್ನೆಲ್ಲ ಕಿತ್ತರೆ ಹಿಂಬದಿ ಹಗುರಾಗಿ ಹಡಗು ಮೂತಿ ಅದ್ದುತ್ತದೆ. ಅಲ್ಲೇ ಚೇಂಬರ್ ಇಟ್ಟರೆ ಲೆಕ್ಕ ಸರಿಹೋಗುತ್ತದೆ ಎಂದು ಕಾಗದದ ಮೇಲೆ ಕಾಣುತ್ತದೆ. ತೊಂದರೆ ಎತ್ತರದ್ದು. ಜನರೇಟರ್ ಡೆಕ್‌ನ ಕೆಳಗಿತ್ತು, ಚೇಂಬರ್ ಡೆಕ್‌ನ ಮೇಲೆ ಕೂರುತ್ತದೆ. 300 ಟನ್ನಿನ ಹಡಗಿಗೆ 5 ಟನ್ ಚೇಂಬರನ್ನು ಅದರ ಗುರುತ್ವ ಕೇಂದ್ರಕ್ಕಿಂತ 3 ಮೀಟರ್ ಎತ್ತರದಲ್ಲಿ ಇಟ್ಟರೆ ಆ ಕೇಂದ್ರ ಸುಮಾರು 5 ಸೆಂಟಿಮೀಟರ್ ಮೇಲೇರುತ್ತದೆ. ಕೇಳಲು ಅಲ್ಪ. ಆದರೆ ಹಡಗನ್ನು ನೆಟ್ಟಗೆ ನಿಲ್ಲಿಸುವ ಅಂತರ, ಅಂದರೆ ಮೆಟಾಸೆಂಟರಿಗೂ (ವಾಲಿದ ಹಡಗನ್ನು ನೀರು ಮೇಲೆತ್ತುವ ಗೆರೆ ಹಡಗಿನ ನಡುಗೆರೆಯನ್ನು ಕತ್ತರಿಸುವ ಬಿಂದು) ಗುರುತ್ವ ಕೇಂದ್ರಕ್ಕೂ ನಡುವಿನ ಎತ್ತರ, ಇಂಥ ಹಡಗಿನಲ್ಲಿ 60 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದೇ ವಸ್ತುವಿಗೆ ಅದರ ಹನ್ನೆರಡನೇ ಒಂದು ಪಾಲು ಹೋಯಿತು. ಸಿಲಿಂಡರ್ ಸಾಲು, ಕ್ರೇನ್, ಎರಡು ದೋಣಿ ಇನ್ನೂ ಬಾಕಿ.

ಕ್ರೇನ್ ಇನ್ನೊಂದು ಲೆಕ್ಕ ತರುತ್ತದೆ. ಕೊಕ್ಕೆಯಲ್ಲಿ ತೂಗುವ ದೋಣಿಯ ತೂಕ ದೋಣಿ ಇರುವಲ್ಲಿ ಅಲ್ಲ, ಕ್ರೇನ್‌ನ ತುದಿಯಲ್ಲಿ ಇದೆ ಎಂದೇ ಎಣಿಸಬೇಕು. ಒಂದೂವರೆ ಟನ್ನಿನ ದೋಣಿಯನ್ನು ಹಡಗಿನ ನಡುಗೆರೆಯಿಂದ 6 ಮೀಟರ್ ಆಚೆ ಚಾಚಿದರೆ ಅದೇ ಹಡಗು ಸುಮಾರು 3 ಡಿಗ್ರಿ ವಾಲುತ್ತದೆ. ಅಲೆಯ ತೂಗಾಟ ಇದಕ್ಕೆ ಸೇರಿದರೆ ದೋಣಿ ಲೋಲಕವಾಗಿ ಹಡಗಿನ ಮಗ್ಗುಲಿಗೆ ಬಡಿಯುತ್ತದೆ. ಹಾಗಾಗಿ ಕಾಮಗಾರಿ ಮುಗಿದ ಮೇಲೆ ತೂಕಗಳನ್ನು ಡೆಕ್ ಮೇಲೆ ಅತ್ತಿತ್ತ ಸರಿಸಿ ವಾಲುವಿಕೆ ಅಳೆಯುವ ಪರೀಕ್ಷೆಯನ್ನು ಹೊಸದಾಗಿ ಮಾಡಲೇಬೇಕು. ಹಳೆಯ ಪುಸ್ತಕದ ಅಂಕಿಗೆ ಕೂಡಿಸಿ ಕಳೆದು ಬರೆದ ಅಂಕಿಯನ್ನು ನಂಬುವಂತಿಲ್ಲ. ದಶಕಗಳಲ್ಲಿ ಹಡಗು ಬಣ್ಣ, ಕೇಬಲ್, ಬಿಡಿಭಾಗ ಅಂತ ದಾಖಲಾಗದ ತೂಕವನ್ನು ಮೈಗೂಡಿಸಿಕೊಂಡಿರುತ್ತದೆ.

ಮರದ ಒಡಲಾದರೆ ಚೇಂಬರ್‌ನ ಪಾದವನ್ನು ಹಲಗೆಗೆ ಬೋಲ್ಟ್ ಹಾಕಿ ಬಿಡುವಂತಿಲ್ಲ. ಕೆಳಗಿನ ಪಕ್ಕೆಗಳಿಗೆ ಭಾರ ಹಂಚಬೇಕು. ಬೋಲ್ಟ್ ತೂತಿನ ಮೂಲಕ ನೀರು ಇಳಿದರೆ ಒಳಗಿನಿಂದ ಕೊಳೆ ಶುರು. ನೀರೊಳಗಿನ ಸ್ಫೋಟದ ಆಘಾತವನ್ನೂ ಆ ಪಾದ ತಡೆಯಬೇಕು. ಆದ್ದರಿಂದ ಚೇಂಬರ್ ಆಘಾತ ಹೀರುವ ದಿಂಬುಗಳ ಮೇಲೆ ಕೂರುತ್ತದೆ. ಅದಕ್ಕೆ ಬರುವ ಪೈಪುಗಳಿಗೆ ಬಾಗುವ ತುಂಡು ಕೊಡಬೇಕು. ಇಲ್ಲವಾದರೆ ಚೇಂಬರ್ ಅಲುಗಿದಾಗ ಪೈಪಿನ ಕುತ್ತಿಗೆ ಮುರಿಯುತ್ತದೆ.

ಉಸಿರಿನ ಲೆಕ್ಕ

ಮಾರ್ಪಾಡಿನಲ್ಲಿ ಹೆಚ್ಚು ಎಡವುವ ಜಾಗ ಇದು. ಚೇಂಬರ್ ಆರಿಸಲು ತಲೆ ಕೆಡಿಸಿಕೊಂಡವರು ಅದಕ್ಕೆ ಬೇಕಾದ ಗಾಳಿಯನ್ನು ಕೊನೆಗೆ ಎಣಿಸುತ್ತಾರೆ.

ಎರಡು ವಿಭಾಗದ ಚೇಂಬರ್‌ನಲ್ಲಿ ಮುಖ್ಯ ಕೋಣೆ 6 ಘನ ಮೀಟರ್ ಎನ್ನಿ. 50 ಮೀಟರ್ ಆಳದ ಒತ್ತಡಕ್ಕೆ ಒಯ್ಯಲು ಅದರ ಐದು ಪಟ್ಟು, ಅಂದರೆ 30 ಘನ ಮೀಟರ್ ಗಾಳಿ ಬೇಕು. 50 ಲೀಟರ್ ಸಿಲಿಂಡರ್ 200 ಬಾರ್ ಒತ್ತಡದಲ್ಲಿ 10 ಘನ ಮೀಟರ್ ಹಿಡಿಸುತ್ತದೆ, ಕೈಗೆ ಸಿಗುವುದು 9 ಮಾತ್ರ. ನಾಲ್ಕು ಸಿಲಿಂಡರ್ ಒಂದೇ ಏಟಿಗೆ ಖಾಲಿ. ಹೊರಕೋಣೆಯ ಮೂಲಕ ವೈದ್ಯ ಒಳಗೆ ಹೋಗಿ ಬರುವ ಪ್ರತಿ ಸಲ ಆ ಕೋಣೆಯ ಗಾಳಿ ಹೊರಗೆ ಹೋಗುತ್ತದೆ.

ಇದಾದ ಮೇಲೆ ಚಿಕಿತ್ಸೆ. ಡೈವರ್‌ಗೆ ಬೆಂಡ್ಸ್, ಅಂದರೆ ಆ ಅನಿಲದ ಗುಳ್ಳೆಗಳಿಂದ ಬರುವ ಕಾಯಿಲೆ, ಹಿಡಿದರೆ ಸಾಮಾನ್ಯವಾಗಿ ಬಳಸುವ ಅಮೆರಿಕ ನೌಕಾಪಡೆಯ 6ನೇ ಚಿಕಿತ್ಸಾ ಕೋಷ್ಟಕದಲ್ಲಿ ರೋಗಿಯನ್ನು 18 ಮೀಟರ್ ಆಳದ ಒತ್ತಡಕ್ಕೆ ಒಯ್ದು, 20 ನಿಮಿಷ ಆಮ್ಲಜನಕ, 5 ನಿಮಿಷ ಗಾಳಿ, ಹೀಗೆ ಮೂರು ಸುತ್ತು. ಅರ್ಧ ಗಂಟೆಯಲ್ಲಿ 9 ಮೀಟರ್‌ಗೆ ಏರಿಸಿ ಅಲ್ಲಿ ಎರಡೂವರೆ ಗಂಟೆ. ಮತ್ತೆ ಅರ್ಧ ಗಂಟೆಯಲ್ಲಿ ಮೇಲಕ್ಕೆ. ಒಟ್ಟು 285 ನಿಮಿಷ. ನಿಮಿಷಕ್ಕೆ 10 ಲೀಟರ್ ಉಸಿರಾಟ ಎಂದು ಹಿಡಿದು ಒತ್ತಡದಿಂದ ಗುಣಿಸಿದರೆ ಒಬ್ಬ ರೋಗಿಗೆ ಸುಮಾರು 5 ಘನ ಮೀಟರ್ ಆಮ್ಲಜನಕ. ಒಂದು ಸಿಲಿಂಡರ್ ಇಬ್ಬರಿಗೆ ಹೆಚ್ಚುಕಡಿಮೆ ಸಾಕೆನಿಸುತ್ತದೆ. ಆದರೆ ಲಕ್ಷಣ ಇಳಿಯದಿದ್ದರೆ ಕೋಷ್ಟಕವನ್ನು ವಿಸ್ತರಿಸುತ್ತಾರೆ, ಒಳಗಿನ ಸಹಾಯಕನೂ ಕೊನೆಯಲ್ಲಿ ಆಮ್ಲಜನಕ ಉಸಿರಾಡಬೇಕು, ಮುಖವಾಡ ಸೋರುತ್ತದೆ. ನಾಲ್ಕು ಸಿಲಿಂಡರ್‌ಗಿಂತ ಕಡಿಮೆ ಇಟ್ಟು ಹೊರಡುವುದು ಧೈರ್ಯವಲ್ಲ, ಉಡಾಫೆ.

ನಿಜವಾದ ಗಾಳಿ-ಬಾಕ ಇನ್ನೊಂದಿದೆ. ರೋಗಿ ಬಿಟ್ಟ ಉಸಿರಿನಲ್ಲಿ ಬಹುಪಾಲು ಆಮ್ಲಜನಕವೇ ಇರುತ್ತದೆ. ಅದು ಕೋಣೆಯಲ್ಲೇ ಉಳಿದರೆ ಆಮ್ಲಜನಕದ ಪ್ರಮಾಣ ಏರುತ್ತ ಹೋಗುತ್ತದೆ. 25 ಶೇಕಡಾ ದಾಟಬಾರದು. ದಾಟಿದರೆ ಒಂದು ಕಿಡಿಗೆ ಹೊದಿಕೆಯೂ ಕೂದಲೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಗಾಳಿ ಆಡಿಸಿ ಇದನ್ನು ಇಳಿಸಬೇಕಾದರೆ, ಸುಮ್ಮನೆ ಮಲಗಿರುವ ಒಬ್ಬ ರೋಗಿಗೆ ನಿಮಿಷಕ್ಕೆ ಸುಮಾರು 350 ಲೀಟರ್, ಅದೂ ಕೋಣೆಯ ಒತ್ತಡದಲ್ಲಿ. 18 ಮೀಟರ್‌ನಲ್ಲಿ ಇದು ಹೊರಗಿನ ಗಾಳಿಯ 1 ಘನ ಮೀಟರ್‌ಗೆ ಸಮ, ಪ್ರತಿ ನಿಮಿಷಕ್ಕೂ. ಹಡಗಿನ ಕಂಪ್ರೆಸರ್ ನಿಮಿಷಕ್ಕೆ 300 ಲೀಟರ್ ತುಂಬುವಂಥದ್ದಾದರೆ ಬೇಕಾದದ್ದರ ಮೂರನೇ ಒಂದು ಪಾಲನ್ನೂ ಕೊಡಲಾರದು. ಒಂದು ಗಂಟೆಯಲ್ಲಿ ಆರೇಳು ಸಿಲಿಂಡರ್ ಮಾಯ.

ಪರಿಹಾರ ಅಗ್ಗದ್ದು: ಮುಖವಾಡದಿಂದ ಹೊರಬಿಟ್ಟ ಉಸಿರನ್ನು ನೇರ ಚೇಂಬರ್‌ನ ಹೊರಗೆ, ಹಡಗಿನಾಚೆಗೆ ಒಯ್ಯುವ ಪೈಪು. ಮಾರ್ಪಡಿಸುವ ಹಡಗಿಗೆ ಒಂದೇ ಒಂದು ಸುಧಾರಣೆಗೆ ದುಡ್ಡಿದೆ ಎಂದರೆ ಇದನ್ನೇ ಮಾಡಿಸಬೇಕು. ಆ ಪೈಪಿನ ಬಾಯಿ ಮಾತ್ರ ಮುಚ್ಚಿದ ಡೆಕ್ಕಿನೊಳಗೋ ಪೆಟ್ರೋಲ್ ಡಬ್ಬಿಯ ಪಕ್ಕಕ್ಕೋ ತೆರೆಯಬಾರದು.

ಪೆಟ್ರೋಲ್ ಎಂದಾಗ ಒಂದು ಮಾತು. ಯುದ್ಧನೌಕೆ ಕುಡಿಯುವುದು ಡೀಸೆಲ್. ಚಿಕ್ಕ ರಬ್ಬರ್ ದೋಣಿಗಳ ಔಟ್‌ಬೋರ್ಡ್ ಎಂಜಿನ್ ಕುಡಿಯುವುದು ಹೆಚ್ಚಾಗಿ ಪೆಟ್ರೋಲ್. ಆ ಡಬ್ಬಿಗಳಿಗೆ ಹಡಗಿನ ಮೂಲ ವಿನ್ಯಾಸದಲ್ಲಿ ಜಾಗವೇ ಇರುವುದಿಲ್ಲ. ತೆರೆದ ಡೆಕ್ಕಿನ ಅಂಚಿನಲ್ಲಿ, ಬೆಂಕಿ ಬಿದ್ದರೆ ಒಂದೇ ಸನ್ನೆಗೋಲಿನಿಂದ ಸಮುದ್ರಕ್ಕೆ ಉರುಳಿಸುವಂಥ ಚೌಕಟ್ಟಿನಲ್ಲಿ ಇಡಬೇಕು, ಆಮ್ಲಜನಕದ ಸಿಲಿಂಡರ್‌ಗಳ ಎದುರು ಮಗ್ಗುಲಲ್ಲಿ. ಆಮ್ಲಜನಕದ ಪೈಪಿಗೆ ಒಂದು ತೊಟ್ಟು ಎಣ್ಣೆಯೂ ಅಂಟಿರಬಾರದು. ತಟ್ಟನೆ ತೆರೆಯುವ ಬಾಲ್ ವಾಲ್ವ್ ಅದರಲ್ಲಿ ನಿಷಿದ್ಧ. ಅಧಿಕ ಒತ್ತಡದ ಅನಿಲ ಒಮ್ಮೆಲೇ ನುಗ್ಗಿ ಪೈಪಿನ ಕೊನೆಯಲ್ಲಿ ಒತ್ತಿಕೊಂಡಾಗ ಹುಟ್ಟುವ ಶಾಖವೇ ವಾಲ್ವಿನ ಪ್ಲಾಸ್ಟಿಕ್ ಆಸನಕ್ಕೆ ಬೆಂಕಿ ಹಚ್ಚಬಲ್ಲದು. ನಿಧಾನ ತಿರುಗಿಸಿ ತೆರೆಯುವ ಸೂಜಿ ವಾಲ್ವ್ ಮಾತ್ರ ಸರಿ.

ಕಂಪ್ರೆಸರ್ ಗಾಳಿ ಎಳೆಯುವ ಬಾಯಿ ಎಲ್ಲಿದೆ ಎಂಬುದು ಇನ್ನೊಂದು ಬಲೆ. ಲಂಗರು ಹಾಕಿದ ಹಡಗು ಗಾಳಿಗೆ ಮೂತಿ ಕೊಟ್ಟು ನಿಲ್ಲುತ್ತದೆ. ಹೊಗೆ ಹಿಂಬದಿಗೆ ಹರಿಯುತ್ತದೆ. ಡೈವಿಂಗ್ ಡೆಕ್ ಇರುವುದು ಹಿಂಬದಿಯಲ್ಲೇ, ಕಂಪ್ರೆಸರ್ ಅದರ ಪಕ್ಕದಲ್ಲೇ. ಅಲ್ಲೇ ಗಾಳಿ ಎಳೆದರೆ ಜನರೇಟರಿನ ಹೊಗೆಯೂ ದೋಣಿ ಎಂಜಿನ್ನಿನ ಹೊಗೆಯೂ ಸಿಲಿಂಡರ್ ಸೇರುತ್ತದೆ. ಉಸಿರಾಟದ ಗಾಳಿಗೆ ಯುರೋಪಿನ ಇಎನ್ 12021 ಮಾನದಂಡ ಬಿಡುವುದು 5 ಪಿಪಿಎಂ (ಹತ್ತು ಲಕ್ಷದಲ್ಲಿ 5 ಪಾಲು) ಕಾರ್ಬನ್ ಮೊನಾಕ್ಸೈಡ್ ಮಾತ್ರ. 50 ಮೀಟರ್ ಆಳದಲ್ಲಿ ಒತ್ತಡ ಆರು ಪಟ್ಟು. ಆ 5 ದೇಹಕ್ಕೆ 30ರಂತೆ ತಾಗುತ್ತದೆ. ಬಾಯನ್ನು ಮುಂದಕ್ಕೆ, ಎತ್ತರಕ್ಕೆ ಒಯ್ಯಬೇಕು. ಉದ್ದನೆಯ ಸಣ್ಣ ಪೈಪು ಹಾಕಿದರೆ ಕಂಪ್ರೆಸರ್‌ಗೆ ಉಸಿರುಕಟ್ಟಿ ಕಾವೇರುತ್ತದೆ, ಆದ್ದರಿಂದ ಪೈಪಿನ ವ್ಯಾಸವನ್ನೂ ಹಿಗ್ಗಿಸಬೇಕು.

ಕಬ್ಬಿಣದ ಗುಟ್ಟು

ಮರದ ಹಡಗಿನ ಮೇಲೆ 5 ಟನ್ ಉಕ್ಕಿನ ಚೇಂಬರ್ ಇಟ್ಟರೆ ಮರದ ಹಡಗು ಕಟ್ಟಿದ ಉದ್ದೇಶವೇ ಅರ್ಧ ಹಾಳು. ಕಾಂತೀಯ ಮೈನ್ ಕಾಯುವುದು ಕಬ್ಬಿಣದಿಂದ ಕದಡಿದ ಕ್ಷೇತ್ರಕ್ಕೆ. ಕಾಂತೀಯವಲ್ಲದ ಸ್ಟೇನ್‌ಲೆಸ್ ಉಕ್ಕಿನ ಚೇಂಬರ್ ಮಾಡಿಸಬಹುದು. ಆದರೆ ವೆಲ್ಡ್ ಆದ ಗೆರೆಗಳಲ್ಲಿ ಅಲ್ಪ ಕಾಂತೀಯತೆ ಉಳಿದೇ ಇರುತ್ತದೆ. ಅಲ್ಯೂಮಿನಿಯಂ ಹಗುರ, ಕಾಂತೀಯವಲ್ಲ, ಆದರೆ ಹಡಗು ತೂಗಾಡುವಾಗ ಭೂಮಿಯ ಕಾಂತಕ್ಷೇತ್ರದಲ್ಲಿ ಅದರೊಳಗೆ ಸುಳಿವಿದ್ಯುತ್ ಹುಟ್ಟಿ ತನ್ನದೇ ಕ್ಷೇತ್ರ ಎಬ್ಬಿಸುತ್ತದೆ. ಹೇಗೆ ಮಾಡಿದರೂ ಕಾಮಗಾರಿಯ ನಂತರ ಹಡಗನ್ನು ಅಳತೆಯ ಸಂವೇದಕಗಳ ಮೇಲೆ ಹಾಯಿಸಿ, ಅದರ ಕಾಂತೀಯತೆಯನ್ನು ತಣಿಸುವ ಸುರುಳಿಗಳ ವಿದ್ಯುತ್ತನ್ನು ಹೊಸದಾಗಿ ಹೊಂದಿಸಬೇಕು.

ಆದರೆ ದೂರ ಒಂದು ಉಪಕಾರ ಮಾಡುತ್ತದೆ. ಹಡಗಿನ ಕಾಂತಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ: ದೂರ ಇಮ್ಮಡಿಯಾದರೆ ಕ್ಷೇತ್ರ ಎಂಟನೇ ಒಂದು ಪಾಲು. ದೋಣಿಯ ಪ್ರಯಾಣ ಮಾತ್ರ ಇಮ್ಮಡಿಯಷ್ಟೇ ಹೆಚ್ಚುತ್ತದೆ. ಅಂದರೆ ಮೊದಲ ಕೆಲವು ನೂರು ಮೀಟರ್ ದೂರ ಬಲು ಲಾಭದ್ದು. ಅದರಾಚೆ ಸರಿಯುವ ಪ್ರತಿ ನೂರು ಮೀಟರ್ ಕಾಂತೀಯವಾಗಿ ಏನೂ ಕೊಡದೆ ಡೈವರ್‌ನ ಸಮಯವನ್ನು ಮಾತ್ರ ತಿನ್ನುತ್ತದೆ. ಅಲ್ಲಿಂದ ಮುಂದೆ ದೂರವನ್ನು ತೀರ್ಮಾನಿಸುವುದು ಸ್ಫೋಟದ ಆಘಾತ ಮತ್ತು ಇನ್ನೂ ಹುಡುಕದ ನೀರು. ಹಡಗು ನಿಲ್ಲುವ ಜಾಗ, ಅಲ್ಲಿಗೆ ಬರುವ ಹಾದಿ, ಲಂಗರಿನ ಸುತ್ತ ಅದು ಸುತ್ತುವ ವೃತ್ತ ಇವಿಷ್ಟನ್ನು ಮೊದಲು ಸೋನಾರಿನಲ್ಲಿ ಜಾಲಾಡಿರಬೇಕು. ಲಂಗರಿನ ವೃತ್ತ ಮರೆತುಹೋಗುವುದು ಆಶ್ಚರ್ಯ ಆಗುವಷ್ಟು ಸಾಮಾನ್ಯ.

ದೋಣಿಯ ಮಟ್ಟದಲ್ಲಿ ಈ ಶಿಸ್ತು ಇನ್ನೂ ಬಿಗಿ. ಡೈವರ್‌ನ ಉಸಿರಾಟದ ಉಪಕರಣ, ಚಾಕು, ಬಕಲ್, ಜಿಪ್ ಎಲ್ಲವೂ ಕಾಂತೀಯವಲ್ಲದ ಲೋಹದ್ದು. ಬಿಟ್ಟ ಉಸಿರನ್ನು ಶುದ್ಧಮಾಡಿ ಮತ್ತೆ ಕೊಡುವ, ಗುಳ್ಳೆ ಬಿಡದ ಮರು-ಉಸಿರಾಟದ ಯಂತ್ರ, ಏಕೆಂದರೆ ಶಬ್ದಕ್ಕೆ ಎಚ್ಚರಾಗುವ ಮೈನ್‌ಗಳಿವೆ. ಇಷ್ಟೆಲ್ಲ ಜೋಪಾನ ಮಾಡಿ, ದೋಣಿಯಲ್ಲಿ ಹಗ್ಗ ಹಿಡಿದವನ ಜೇಬಿನಲ್ಲಿ ಉಕ್ಕಿನ ಸ್ಪ್ಯಾನರ್ ಉಳಿದಿರುತ್ತದೆ. ಬಿಡಿಭಾಗ ಸಿಗಲಿಲ್ಲವೆಂದು ಯಾರೋ ಉಕ್ಕಿನ ಕೊಕ್ಕೆ ಸಿಕ್ಕಿಸಿರುತ್ತಾರೆ. ದೋಣಿಯ ಎಂಜಿನ್ನೇ ಒಂದು ಕಬ್ಬಿಣದ ಗಂಟು. ಆದ್ದರಿಂದ ದೋಣಿ ಮೈನ್‌ನ ಮೇಲೆ ನಿಲ್ಲುವುದಿಲ್ಲ, ಓರೆಗೆ ನಿಲ್ಲುತ್ತದೆ. ಕೊನೆಯ ತುಸು ದೂರವನ್ನು ಡೈವರ್ ಈಜಿಯೇ ಹೋಗುತ್ತಾನೆ.

ಸ್ಫೋಟಕದ ಉಗ್ರಾಣಕ್ಕೆ ಹಳೆಯ ಫಿರಂಗಿಯ ಗುಂಡಿನ ಕೋಣೆ ಒದಗಿಬರುತ್ತದೆ. ಸ್ಫೋಟಕಕ್ಕೆ ಕಿಡಿ ಕೊಡುವ ಡಿಟೊನೇಟರ್‌ಗಳಿಗೆ ಬೇರೆಯದೇ ಪೆಟ್ಟಿಗೆ. ವಿದ್ಯುತ್ ಡಿಟೊನೇಟರ್ ಡೆಕ್ಕಿಗೆ ಬಂದಾಗ ರೇಡಿಯೊ, ರೇಡಾರ್ ಪ್ರಸಾರ ನಿಲ್ಲಬೇಕು, ಅವುಗಳ ಅಲೆಗಳೇ ಅದನ್ನು ಸಿಡಿಸಬಲ್ಲವು. ನಿಲ್ಲಿಸಿದರೆ ಹಡಗು ಕುರುಡು, ಕಿವುಡು. ವಿದ್ಯುತ್ ಬೇಡದ ನಳಿಕೆ ಮಾದರಿಯ ಡಿಟೊನೇಟರ್ ಈ ಪೀಕಲಾಟವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಜನ, ಸಮಯ, ಒಂದೇ ಚೇಂಬರ್

ನೀರಿಗಿಳಿಯುವವರು ಇಬ್ಬರೇ ಇರಬಹುದು. ಅವರ ಹಿಂದೆ ಮೇಲ್ವಿಚಾರಕ, ಸಿದ್ಧವಾಗಿ ಕುಳಿತ ಮೂರನೇ ಡೈವರ್, ಹಗ್ಗ ಹಿಡಿಯುವವರು, ದೋಣಿ ನಡೆಸುವವ. ಚೇಂಬರ್ ನಡೆಸಲು ಹೊರಗೆ ವಾಲ್ವ್ ಹಿಡಿಯುವವ, ಸಮಯ ಬರೆಯುವವ, ಒಳಗೆ ರೋಗಿಯ ಜೊತೆ ಒಬ್ಬ. ಚಿಕಿತ್ಸೆ ಶುರುವಾದರೆ ಐದು ಗಂಟೆ ಇವರಾರೂ ಅಲುಗುವಂತಿಲ್ಲ. ಒಂದು ಚೇಂಬರ್ ಇರುವ ಹಡಗು ಒಂದು ಅಪಘಾತವನ್ನು ಮಾತ್ರ ತಾಳಬಲ್ಲದು; ಚೇಂಬರ್ ತುಂಬಿದ ಕ್ಷಣ ಆ ದಿನದ ಡೈವಿಂಗ್ ಮುಗಿಯಿತು. ದಿನಕ್ಕೆ ಎಷ್ಟು ಮೈನ್ ತೆರವು ಮಾಡಬಹುದು ಎಂದು ಯೋಜನೆ ಹಾಕುವವರು ಈ ಒಂದು ಅಂಶವನ್ನು ಬಿಟ್ಟರೆ ಉಳಿದೆಲ್ಲ ಅಂಕಿ ಹುಸಿ. ಅಷ್ಟು ಜನಕ್ಕೆ ಹಾಸಿಗೆ, ಸಿಹಿನೀರು, ಒದ್ದೆ ಸೂಟು ಒಣಗಿಸುವ ಜಾಗ ಬೇರೆ.

ಉಕ್ಕಿನ ತಾಯಿಹಡಗು ದೂರ ನಿಲ್ಲುವುದೇ ನಿಶ್ಚಯವಾದರೆ, 5 ನಿಮಿಷದ ವಿಧಾನವನ್ನು ಮೊದಲೇ ಕೈಬಿಡಬೇಕು. ಆಗ ಉಳಿಯುವ ದಾರಿಗಳು ಕಡಿಮೆ. ಮೇಲೆ ಬರುವಾಗ ಎಲ್ಲೂ ನಿಲ್ಲಬೇಕಾಗದಷ್ಟು ಸಮಯ ಮಾತ್ರ ಕೆಳಗಿರುವುದು ಒಂದು. ಗಾಳಿ ಉಸಿರಾಡಿದರೆ 30 ಮೀಟರ್‌ನಲ್ಲಿ ಅದು 25 ನಿಮಿಷ, ಇಳಿಯುವ ಹೊತ್ತೂ ಸೇರಿ. ಆಮ್ಲಜನಕದ ಭಾಗಶಃ ಒತ್ತಡವನ್ನು 1.3 ಬಾರ್‌ನಲ್ಲಿ ಹಿಡಿದಿಡುವ ಮರು-ಉಸಿರಾಟದ ಯಂತ್ರ ಇದ್ದರೆ ಅದೇ 30 ಮೀಟರ್ ದೇಹಕ್ಕೆ ಸುಮಾರು 24 ಮೀಟರ್‌ನಂತೆ ಇರುತ್ತದೆ, ಸಮಯವೂ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ. ಆದರೆ ತಣ್ಣೀರಿನಲ್ಲಿ ಅದರ ಸೋಡಾ ಸುಣ್ಣ ಇಂಗಾಲದ ಡೈಆಕ್ಸೈಡನ್ನು ಹೀರುವ ಶಕ್ತಿ ಬೇಗ ಕಳೆದುಕೊಳ್ಳುತ್ತದೆ. ಡೈವರ್‌ಗೆ ತಿಳಿಯುವುದು ತಲೆನೋವು, ಏದುಸಿರು ಶುರುವಾದಾಗ. ಇನ್ನೊಂದು ದಾರಿ ನೀರಿನಲ್ಲೇ ಹಂತಗಳಲ್ಲಿ ನಿಲ್ಲುವುದು. ಪಕ್ಕದಲ್ಲಿ ಮೈನ್ ಇರುವಾಗ, ಪ್ರವಾಹ ಎಳೆಯುವಾಗ, ಹಗ್ಗಕ್ಕೆ ಜೋತುಬಿದ್ದು ಅರ್ಧ ಗಂಟೆ ಕಾಯುವುದನ್ನು ಯಾರೂ ಬಯಸಿ ಆರಿಸುವುದಿಲ್ಲ.

ಮಡಚಿ ಒಯ್ಯಬಹುದಾದ ಒಬ್ಬರ ಒತ್ತಡದ ಚೀಲಗಳು ಈಗ ಸಿಗುತ್ತವೆ. ರೋಗಿಯನ್ನು ಅದರಲ್ಲಿ ಮಲಗಿಸಿ, ಒತ್ತಡದಲ್ಲೇ ದೊಡ್ಡ ಚೇಂಬರ್‌ವರೆಗೆ ಒಯ್ಯಬಹುದು. ಅಪಘಾತಕ್ಕೆ ಇದು ಒಳ್ಳೆಯ ಊರುಗೋಲು, ದಿನದಿನದ ಕೆಲಸಕ್ಕಲ್ಲ. ಒಳಗೆ ಮಲಗಿದವನಿಗೆ ವಾಂತಿಯಾದರೆ, ಉಸಿರು ನಿಂತರೆ, ಹೊರಗಿನ ಕೈ ಒಳಗೆ ಹೋಗಲಾರದು.

ಹಾಗಾಗಿ ದೊಡ್ಡ ತಾಯಿಹಡಗಿನ ಜೊತೆಗೆ, ಚೇಂಬರ್ ಹೊತ್ತು ನಡುವೆ ನಿಲ್ಲುವ, ಆಳ ಕಡಿಮೆ ಬೇಡುವ, ಕಾಂತೀಯತೆ ಕಡಿಮೆಯಿರುವ ಒಂದು ಚಿಕ್ಕ ಹಡಗು ಬೇಕೇ ಬೇಕು ಎಂಬುದು ನಮ್ಮ ವಾದ. ಸೇವೆ ಮುಗಿಸಿದ ಫೈಬರ್‌ಗ್ಲಾಸ್ ಮೈನ್ ಹಡಗುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಅವುಗಳ ಸೋನಾರ್ ಹಳತಾಗಿರಬಹುದು, ಒಡಲು ಹಳತಾಗಿರುವುದಿಲ್ಲ. ಗುಜರಿಗೆ ಕಳಿಸುವ ಮುನ್ನ ಒಂದೆರಡನ್ನಾದರೂ ಉಳಿಸಿಕೊಳ್ಳುವುದು ಹೊಸದನ್ನು ಕಟ್ಟುವುದಕ್ಕಿಂತ ಎಷ್ಟೋ ಅಗ್ಗ.

ಮಾರ್ಪಾಡು ಮುಗಿದ ಹಡಗನ್ನು ಒಪ್ಪಿಕೊಳ್ಳುವ ದಿನ ಚೇಂಬರ್‌ನ ಪ್ರಮಾಣಪತ್ರ, ಗೇಜಿನ ಮಾಪನಾಂಕ, ಕಿಟಕಿಯ ಅಕ್ರಿಲಿಕ್ಕಿನಲ್ಲಿ ಕೂದಲೆಳೆಯ ಬಿರುಕು ಇವೆಲ್ಲವನ್ನೂ ನೋಡುತ್ತಾರೆ. ಸ್ಪಿರಿಟ್ ಹಾಕಿ ಒರೆಸಿದ ಅಕ್ರಿಲಿಕ್ ಕಿಟಕಿಯಲ್ಲಿ ಅಂಥ ಬಿರುಕು ಸಿಗಬಹುದು. ಇವೆಲ್ಲಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಒಂದು ಗಡಿಯಾರದ್ದು. ರಾತ್ರಿ ಹೊತ್ತು, ಎರಡು ಜನರೇಟರ್‌ಗಳಲ್ಲಿ ಒಂದನ್ನು ಆರಿಸಿ, ಒಪ್ಪಿದ ದೂರದಲ್ಲಿ ತೇಲುಬುರುಡೆ ಬಿಟ್ಟು, ಅಲ್ಲಿಂದ ಎಚ್ಚರತಪ್ಪಿದ ಡೈವರ್‌ನಂತೆ ನಟಿಸುವ ಒಬ್ಬನನ್ನು ದೋಣಿಯಲ್ಲಿ ತಂದು ಚೇಂಬರ್‌ನ ಬಾಗಿಲು ಮುಚ್ಚುವವರೆಗೆ ಸಮಯ ಹಿಡಿಯಬೇಕು. ಮೊದಲ ಸಲ ಸ್ಟ್ರೆಚರ್ ಸಿಕ್ಕಿಬೀಳುವುದು ಹೆಚ್ಚಾಗಿ ಒಂದೇ ಕಡೆ: ಡೆಕ್ಕಿನಿಂದ ಚೇಂಬರ್‌ಗೆ ತಿರುಗುವ ಮೂಲೆಯಲ್ಲಿ, ನಕ್ಷೆಯಲ್ಲಿ ಇಲ್ಲದಿದ್ದ, ಆಮೇಲೆ ಯಾರೋ ತಂದು ನಿಲ್ಲಿಸಿದ ಸಿಲಿಂಡರ್ ಸಾಲಿನ ಎದುರು.